ನಾಬೋತನ ತೋಟವೂ ನಾಗರಹೊಳೆಯ ಹಾಡಿಯೂ

ಲಗ್ಗೆರೆಯ ಕಡೆ ಹೊಸ ಮನೆಗಳನ್ನು ಆಶೀರ್ವದಿಸಲು ಹೋದಾಗಲೆಲ್ಲ ನಾನೊಂದು ಸಂಗತಿಯನ್ನು ಗಮನಿಸಿದ್ದೇನೆ. ಪೂಜೆ ಮುಗಿದು ಕಾಫಿ ಕುಡಿಯುವ ಹೊತ್ತಿಗೆ ಮಾತು ತಪ್ಪದೆ ಕಾಗದಪತ್ರಗಳ ಕಡೆಗೆ ತಿರುಗುತ್ತದೆ. ಖಾತೆ ಆಯಿತೇ, ಅದು ಎ ಖಾತೆಯೋ ಬಿ ಖಾತೆಯೋ, ಕಂದಾಯದ ರಸೀದಿ ಇದೆಯೇ? ಮನೆಯ ಹಿರಿಯರು ಬೀರುವಿನಿಂದ ಒಂದು ಚೀಲವನ್ನು ತಂದು ಕ್ರಯಪತ್ರವನ್ನು ಬಿಡಿಸಿ ತೋರಿಸುತ್ತಾರೆ. ಪೀಣ್ಯದ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ಜೀವಮಾನವಿಡೀ ದುಡಿದು ಇಪ್ಪತ್ತು ಮೂವತ್ತರ ಒಂದು ನಿವೇಶನ ಮಾಡಿಕೊಂಡವರಿಗೆ ಆ ಕಾಗದದ ಬೆಲೆ ಚೆನ್ನಾಗಿ ಗೊತ್ತು. ಅದಿಲ್ಲದಿದ್ದರೆ ನಾಳೆ ಯಾರಾದರೂ ಬಂದು ‘ಈ ಜಾಗ ನಿಮ್ಮದಲ್ಲ’ ಎಂದರೆ ಗತಿಯೇನು ಎಂಬ ಅಳುಕು ಅವರಿಗಿದೆ.

ಈ ಅಳುಕನ್ನು ಬಲ್ಲ ನಮಗೆ ನಮ್ಮದೇ ರಾಜ್ಯದ ಕಾಡಿನ ಮಕ್ಕಳ ಕಥೆ ಬೇಗನೆ ಅರ್ಥವಾಗಬೇಕು.

ಮೈಸೂರು ಮತ್ತು ಕೊಡಗು ಜಿಲ್ಲೆಗಳ ನಡುವೆ ಹರಡಿರುವ ನಾಗರಹೊಳೆ ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡಾಗಿತ್ತು. ಅರಸರಿಗೂ ಮೊದಲೇ ಅಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ನೆಲೆಸಿದ್ದರು. ಜೇನು ಇಳಿಸುವುದು, ಗೆಡ್ಡೆಗೆಣಸು ಅಗೆಯುವುದು, ಆನೆ ಪಳಗಿಸುವುದು ಅವರು ತಲೆತಲಾಂತರದಿಂದ ಕಲಿತ ವಿದ್ಯೆಗಳು. ಅವರ ವಾಸಸ್ಥಾನಕ್ಕೆ ‘ಹಾಡಿ’ ಎಂದು ಹೆಸರು. ಹಾಡಿಯ ಸುತ್ತ ಅವರ ದೇವರುಗಳ ನೆಲೆ ಇದೆ, ಹಿರಿಯರನ್ನು ಮಣ್ಣು ಮಾಡಿದ ಜಾಗವಿದೆ. ಆದರೆ ಅವರ ಬಳಿ ಕ್ರಯಪತ್ರವಾಗಲಿ ಖಾತೆಯಾಗಲಿ ಇರಲಿಲ್ಲ.

1955ರಲ್ಲಿ ಅದು ವನ್ಯಜೀವಿಧಾಮವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ಕಬಿನಿ ಜಲಾಶಯ ತುಂಬಿದಾಗ ಹೆಗ್ಗಡದೇವನಕೋಟೆಯ ಕಡೆಯ ಕಾಡು, ಊರುಗಳು ಮುಳುಗಿದವು. 1988ರಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು, 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಒಂದೊಂದು ಘೋಷಣೆಯ ಹಿಂದೆಯೂ ಹಾಡಿಗಳು ಕರಗುತ್ತ ಬಂದವು. ಹೊರಬಿದ್ದವರಲ್ಲಿ ಅನೇಕರು ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಕೂಲಿಗಳಾದರು. ಹೈಕೋರ್ಟಿನ ಆದೇಶದಂತೆ ರಚನೆಯಾದ, ದಿವಂಗತ ಪ್ರೊಫೆಸರ್ ಮುಜಾಫರ್ ಅಸಾದಿಯವರ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ಹೀಗೆ ನೆಲೆ ಕಳೆದುಕೊಂಡ 3,418 ಆದಿವಾಸಿ ಕುಟುಂಬಗಳನ್ನು ಆ ಸಮಿತಿ ಗುರುತಿಸಿತ್ತು.

1996ರ ಒಂದು ಘಟನೆಯನ್ನು ಇಲ್ಲಿ ನೆನೆಯಬೇಕು. ಸೌದೆ ಆರಿಸಲೂ ಆದಿವಾಸಿಗೆ ಅಡ್ಡಿಯಿದ್ದ ಅದೇ ಕಾಡಿನೊಳಗೆ, ಮುರ್ಕಲ್ ಎಂಬಲ್ಲಿ ತಾಜ್ ಸಮೂಹದ ಹೋಟೆಲ್ ಕಂಪನಿಯೊಂದಕ್ಕೆ ಪ್ರವಾಸಿ ವಸತಿಗೃಹ ನಡೆಸಲು ಸರ್ಕಾರವೇ ಜಾಗವನ್ನು ಗುತ್ತಿಗೆಗೆ ಕೊಟ್ಟಿತು. ಹಾಡಿಯ ಜನ ಸಂಘಟಿತರಾಗಿ ಎದ್ದು ನಿಂತರು. ಸಂಘಸಂಸ್ಥೆಗಳ ಕಾರ್ಯಕರ್ತರು, ವಕೀಲರು, ವಿದ್ಯಾರ್ಥಿಗಳು ಅವರ ಜೊತೆಗೂಡಿದರು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿನ ಮೊರೆ ಹೊಕ್ಕಿತು. ಅರಣ್ಯ ಸಂರಕ್ಷಣೆ ಮತ್ತು ವನ್ಯಜೀವಿ ಸಂರಕ್ಷಣೆಯ ಕಾಯಿದೆಗಳಿಗೆ ಈ ಗುತ್ತಿಗೆ ವಿರುದ್ಧವಾದುದೆಂದು 1997ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ವಸತಿಗೃಹದ ಕೆಲಸ ನಿಂತಿತು.

ಆಗ ನಾನು ಗುರುಮಠದ ವಿದ್ಯಾರ್ಥಿ. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಪುಟ ತಿರುವಿ, ನಾಬೋತನ ಕಥೆಯಿದ್ದ ನನ್ನ ಬೈಬಲ್ ಪಾಠಕ್ಕೆ ಮರಳಿದ್ದೆನೆಂಬುದನ್ನು ಇಂದು ನಾಚಿಕೆಯಿಂದಲೇ ನೆನೆಯುತ್ತೇನೆ. ಎರಡೂ ಒಂದೇ ಕಥೆ ಎಂದು ನನಗೆ ಆಗ ಹೊಳೆಯಲಿಲ್ಲ.

ಅರಸುಗಳ ಮೊದಲನೆಯ ಗ್ರಂಥದ ಆ ಕಥೆ ನಮಗೆಲ್ಲ ಗೊತ್ತಿರುವುದೇ. ಅರಮನೆಯ ಪಕ್ಕದ ದ್ರಾಕ್ಷಿತೋಟದ ಮೇಲೆ ಅರಸ ಅಹಾಬನಿಗೆ ಆಸೆಯಾಗುತ್ತದೆ. ಬದಲಿ ತೋಟವನ್ನೋ ಹಣವನ್ನೋ ಕೊಡುತ್ತೇನೆಂದು ಅವನು ಹೇಳುತ್ತಾನೆ. ಪಿತ್ರಾರ್ಜಿತವಾಗಿ ಬಂದ ನೆಲವನ್ನು ಕೊಡಲಾರೆನೆಂದು ನಾಬೋತ ನಿರಾಕರಿಸುತ್ತಾನೆ. ನಾವು ಅಹಾಬನನ್ನೂ ಈಜೆಬೆಲಳನ್ನೂ ದೂಷಿಸಿ ಪುಸ್ತಕ ಮುಚ್ಚುತ್ತೇವೆ. ಆದರೆ ನಾಬೋತನನ್ನು ನಿಜವಾಗಿ ಕೊಲ್ಲಿಸಿದವರು ಅವನ ಊರಿನ ಹಿರಿಯರು. ಅವನ ನೆರೆಹೊರೆಯವರೇ ಆಗಿದ್ದ ಅವರು ರಾಣಿಯ ಪತ್ರ ಬಂದೊಡನೆ ಇಬ್ಬರು ಸುಳ್ಳುಸಾಕ್ಷಿಗಳನ್ನು ಹುಡುಕಿ ಕೂರಿಸಿದರು. ನಾಬೋತನ ಪರವಾಗಿ ನಿಜಸಾಕ್ಷಿ ನುಡಿಯಲು ಇಡೀ ಊರಿನಲ್ಲಿ ಒಬ್ಬನೂ ಮುಂದೆ ಬಂದನೆಂದು ಗ್ರಂಥ ಹೇಳುವುದಿಲ್ಲ. ಪ್ರವಾದಿ ಎಲೀಯನು ಬರುವಷ್ಟರಲ್ಲಿ ಕಾಲ ಮಿಂಚಿತ್ತು.

ನಿಜಸಾಕ್ಷಿಗೆ ನಮ್ಮ ದೇಶದ ಕಾನೂನು ತಡವಾಗಿಯಾದರೂ ಸ್ಥಾನ ಕೊಟ್ಟಿದೆ. 2006ರ ಅರಣ್ಯ ಹಕ್ಕು ಕಾಯಿದೆ, ಕಾಡಿನ ಜನರಿಗೆ ಆದದ್ದು ಚಾರಿತ್ರಿಕ ಅನ್ಯಾಯವೆಂದು ಒಪ್ಪಿಕೊಂಡಿತು. ಹಕ್ಕನ್ನು ಮೊದಲು ಪರಿಶೀಲಿಸುವುದು ಗ್ರಾಮಸಭೆ. ಸರ್ಕಾರಿ ದಾಖಲೆ ಇಲ್ಲದವರಿಗೆ ಹಿರಿಯರ ಬರೆದಿಟ್ಟ ಹೇಳಿಕೆಯೂ ಸಾಕ್ಷ್ಯ, ಹಳೆಯ ಬಾವಿ, ಸಮಾಧಿ, ದೇವರ ತಾಣಗಳೂ ಸಾಕ್ಷ್ಯ. ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕಾಡಿನ ನಕ್ಷೆಯನ್ನು ತಾವೇ ನಿಂತು ಮಾಡಿಸಿ, 2011ರಲ್ಲಿ ಸಮುದಾಯದ ಅರಣ್ಯ ಹಕ್ಕುಪತ್ರಗಳನ್ನು ಪಡೆದರು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೀಗೆ ಹಕ್ಕು ಪಡೆದವರಲ್ಲಿ ಅವರೇ ಮೊದಲಿಗರು.

ಸ್ವಯಂಸೇವಕನ ಕೆಲಸ ಇರುವುದು ಇಲ್ಲಿಯೇ. ಹಳೆಯ ಬಟ್ಟೆ, ಕ್ರಿಸ್ಮಸ್ ಕೇಕು ಹಂಚಿ ಛಾಯಾಚಿತ್ರ ತೆಗೆಸಿಕೊಂಡು ಬರುವುದು ಸುಲಭ. ಆದರೆ ಹಾಡಿಯಲ್ಲಿ ನೆಲದ ಮೇಲೆ ಕುಳಿತು, ‘ನನ್ನ ತಾತನನ್ನು ಈ ಮರದ ಬುಡದಲ್ಲಿ ಹೂತಿದ್ದೇವೆ’ ಎಂದು ಅಜ್ಜಿಯೊಬ್ಬಳು ಹೇಳುವುದನ್ನು ಅವಳ ಮಾತಿನಲ್ಲೇ ಬರೆದುಕೊಳ್ಳುವುದು, ಅರ್ಜಿ ತುಂಬುವುದು, ಅದರ ಪ್ರತಿ ಇಟ್ಟುಕೊಳ್ಳುವುದು, ತಾಲ್ಲೂಕು ಕಚೇರಿಗೆ ಜೊತೆಯಲ್ಲಿ ನಡೆಯುವುದು, ತಿರಸ್ಕೃತವಾದರೆ ಮೇಲ್ಮನವಿಗೆ ಮತ್ತೆ ಕೂರುವುದು – ಇವಕ್ಕೆಲ್ಲ ತಾಳ್ಮೆ ಬೇಕು. ಮುಂದಾಳತ್ವ ಹಾಡಿಯವರದೇ ಆಗಿರಬೇಕು. ನಾವು ಬರೆಯುವ ಕೈ ಮಾತ್ರ. ಕಾಡಿನಲ್ಲೇ ಉಳಿಯುತ್ತೇವೆನ್ನುವವರೂ ಇದ್ದಾರೆ, ಮಕ್ಕಳ ಶಾಲೆ ಆಸ್ಪತ್ರೆಗಳಿಗಾಗಿ ಹೊರಗೆ ಬರುತ್ತೇವೆನ್ನುವವರೂ ಇದ್ದಾರೆ. ಆಯ್ಕೆ ಅವರದಾಗಬೇಕು, ಒತ್ತಾಯದ್ದಾಗಬಾರದು.

ಇಂಥ ಸೇವೆಗೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನೂ ಮರೆಯಬಾರದು. 1975ರಿಂದ 1986ರವರೆಗೆ ನಮ್ಮ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಯೇಸುಸಭೆಯ ಸ್ವಾಮಿ ಸ್ಟ್ಯಾನ್ ಸ್ವಾಮಿಯವರು ಮುಂದೆ ಜಾರ್ಖಂಡಿನ ಆದಿವಾಸಿಗಳ ನೆಲದ ಹಕ್ಕಿಗಾಗಿ ಬಾಳು ಸವೆಸಿದರು. 2020ರ ಅಕ್ಟೋಬರಿನಲ್ಲಿ ಬಂಧಿತರಾದ ಅವರು, ಆರೋಪಗಳ ವಿಚಾರಣೆ ನಡೆಯುವ ಮೊದಲೇ, ಜಾಮೀನೂ ಸಿಗದೆ, 2021ರ ಜುಲೈ 5ರಂದು ತಮ್ಮ 84ನೆಯ ವಯಸ್ಸಿನಲ್ಲಿ ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು.

ಧರ್ಮಸಭೆಯೂ ಈ ವಿಷಯದಲ್ಲಿ ನಿಷ್ಕಳಂಕವಲ್ಲ. ಮೂಲನಿವಾಸಿಗಳ ನೆಲವನ್ನು ‘ಕಂಡುಹಿಡಿದವರು’ ಆಕ್ರಮಿಸಬಹುದೆಂಬ ಹಳೆಯ ವಾದಕ್ಕೆ ಹದಿನೈದನೆಯ ಶತಮಾನದ ಪೋಪರ ಆಜ್ಞಾಪತ್ರಗಳು ಆಧಾರವಾಗಿ ಬಳಕೆಯಾದವು. 2023ರ ಮಾರ್ಚ್ 30ರಂದು ವ್ಯಾಟಿಕನ್ ಆ ವಾದವನ್ನು ಬಹಿರಂಗವಾಗಿ ನಿರಾಕರಿಸಿತು. ದಿವಂಗತ ಪೋಪ್ ಫ್ರಾನ್ಸಿಸರು 2015ರ ತಮ್ಮ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ, ಮೂಲನಿವಾಸಿಗಳಿಗೆ ನೆಲವೆಂಬುದು ಮಾರಾಟದ ಸರಕಲ್ಲ, ದೇವರ ವರ ಮತ್ತು ಪೂರ್ವಜರ ವಿಶ್ರಾಂತಿಯ ತಾಣ ಎಂಬ ಅರ್ಥದಲ್ಲಿ ಬೋಧಿಸಿದ್ದಾರೆ.

ಕಥೆ ಇನ್ನೂ ಮುಗಿದಿಲ್ಲ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಲಾಯಿತು. ನಾಡಿನ ಹಲವೆಡೆಯಿಂದ ಜನ ಹೋಗಿ ಅವರ ಜೊತೆ ಬಯಲಲ್ಲಿ ಕುಳಿತರು. 2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು, ತಾವು ದಶಕಗಳ ಹಿಂದೆ ಕಳೆದುಕೊಂಡಿದ್ದೆವೆನ್ನುವ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಮರಳಿ ಟಾರ್ಪಾಲು ಗುಡಿಸಲು ಹಾಕಿಕೊಂಡವು. ಅರಣ್ಯ ಇಲಾಖೆ ಅವರ ವಾದವನ್ನು ಒಪ್ಪಲಿಲ್ಲ.

ಪ್ರಿಯ ಓದುಗರೇ, ಇಂದು ರಾತ್ರಿ ಬೀರುವಿನ ಬಾಗಿಲು ಹಾಕುವಾಗ ಒಳಗಿರುವ ಕಾಗದದ ಚೀಲಕ್ಕಾಗಿ ದೇವರಿಗೆ ವಂದನೆ ಸಲ್ಲಿಸೋಣ. ಮುಂದಿನ ರಜೆಯಲ್ಲಿ ನಮ್ಮ ಧರ್ಮಕೇಂದ್ರದ ಯುವಕ ಯುವತಿಯರು ಹುಣಸೂರಿನ ಕಡೆ ಹೊರಟರೆ ಅವರ ಕೈಯಲ್ಲಿ ಒಂದು ನೋಟುಪುಸ್ತಕವನ್ನೂ ಪೆನ್ನನ್ನೂ ಕೊಟ್ಟು ಕಳುಹಿಸೋಣ. ನಾಬೋತನಿಗೆ ಸಿಗದ ಸಾಕ್ಷಿ ಅಲ್ಲಿನ ಒಂದು ಹಾಡಿಗಾದರೂ ಸಿಗಲಿ.