ಮುಧೋಳ: ಸಂಸ್ಥಾನ ಅಳಿದರೂ ಉಳಿದ ಎರಡು ಹೆಸರು

ಘಟಪ್ರಭಾ ದಂಡೆಯ ಮುಧೋಳ ದೊಡ್ಡ ನಗರವೇನಲ್ಲ. ಆದರೂ ಕನ್ನಡ ಕಾವ್ಯ ಓದಿದವರಿಗೆ ಅದು ರನ್ನನ ಊರು; ನಾಯಿ ಸಾಕುವವರಿಗೆ ಬೇಟೆನಾಯಿಯ ಊರು. ವಿಶೇಷವೆಂದರೆ, ಈ ಎರಡೂ ಹಿರಿಮೆಗಳ ಬೇರು ಇರುವುದು ಅರಮನೆಯಲ್ಲಲ್ಲ, ಸಾಮಾನ್ಯರ ಮನೆಯಲ್ಲಿ.

ಮುಧೋಳದ ಹಳೆಯ ಹೆಸರು ಮುದುವೊಳಲು. ಕ್ರಿ.ಶ. 949ರಲ್ಲಿ ಇಲ್ಲಿನ ಜೈನ ಬಳೆಗಾರ ಮನೆತನದಲ್ಲಿ ರನ್ನ ಹುಟ್ಟಿದ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆ ಮಾರುವ ಕುಲದ ಹುಡುಗ ವಿದ್ಯೆ ಅರಸಿ ಗಂಗರ ನಾಡಿಗೆ ಹೋದ. ಅಲ್ಲಿ ಅಜಿತಸೇನಾಚಾರ್ಯರು ಗುರುವಾದರು, ಚಾವುಂಡರಾಯ ಆಸರೆಯಾದ. ಮುಂದೆ ಚಾಲುಕ್ಯ ತೈಲಪನ ಆಸ್ಥಾನದಲ್ಲಿ ‘ಕವಿಚಕ್ರವರ್ತಿ’ ಎನಿಸಿದ. ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ‘ಅಜಿತಪುರಾಣ’ ಮುಗಿಸಿದ. ‘ಗದಾಯುದ್ಧ’ದಲ್ಲಿ ತೈಲಪನ ಮಗ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿದ.

ಶತಮಾನಗಳ ನಂತರ ಊರು ಘೋರ್ಪಡೆ ಮನೆತನದ ವಶಕ್ಕೆ ಬಂತು. ಕುರಿ ಕಾಯಲು, ಬೇಟೆಯಾಡಲು ಸುತ್ತಲಿನ ಹಳ್ಳಿಗರು ಸಾಕುತ್ತಿದ್ದ ನಾಯಿಗಳತ್ತ ರಾಜಾ ಮಾಲೋಜಿರಾವ್ ಘೋರ್ಪಡೆ ಗಮನ ಹರಿಸಿ, ತಳಿ ಬೆಳೆಸಿದರು. ಸಪೂರ ಮೈ, ಉದ್ದ ಮೋರೆ, ಆಳವಾದ ಎದೆ, ನೀಳ ಕಾಲುಗಳ ಈ ನಾಯಿ ವಾಸನೆಗಿಂತ ಹೆಚ್ಚಾಗಿ ಕಣ್ಣನ್ನೇ ನಂಬಿ ಬೇಟೆಯನ್ನು ಬೆನ್ನಟ್ಟುತ್ತದೆ. ರಾಜರು ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟ ಮೇಲೆ ‘ಮುಧೋಳ ಹೌಂಡ್’ ಎಂಬ ಹೆಸರು ಹೊರನಾಡಿಗೂ ಹಬ್ಬಿತು.

1948ರ ಮಾರ್ಚ್ 8ರಂದು ಮುಧೋಳ, ನೆರೆಯ ಜಮಖಂಡಿಯಂತೆಯೇ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ನಾಯಿಗಿದ್ದ ರಾಜಾಶ್ರಯ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆಗೂ ತಡೆ ಬಿತ್ತು. ಅಲ್ಲಿಗೆ ತಳಿಯ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಹೊಲ, ಮನೆ, ಕುರಿಹಟ್ಟಿಯ ಕಾವಲಿಗೆಂದು ರೈತರು, ಕುರಿಗಾರರು ಅದನ್ನು ಕೈಬಿಡದೆ ಸಾಕಿದರು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ಹೊರತಂದಿತು. ತಾಲ್ಲೂಕಿನ ತಿಮ್ಮಾಪುರದಲ್ಲಿ ತಳಿ ಸಂಶೋಧನಾ ಕೇಂದ್ರ ಬಂತು. ಮುಂದೆ ಸೇನೆಯೂ ಮರಿಗಳನ್ನು ತರಬೇತಿಗೆ ಒಯ್ದಿತು.

ಹೆಸರು ಬಂದಂತೆ ಬೇಡಿಕೆಯೂ ಬರುತ್ತದೆ. ಬೇಡಿಕೆಯ ಅವಸರದಲ್ಲಿ ಬೆರಕೆಯಾದರೆ, ಕಾಯ್ದೆಗೂ ವಿಲೀನಕ್ಕೂ ಜಗ್ಗದ ತಳಿ ಮಾರುಕಟ್ಟೆಗೆ ಸೋತೀತು. ರನ್ನನ ಕಾವ್ಯ ಓಲೆಗರಿಯಲ್ಲಿ ಉಳಿದು ಅಚ್ಚಾಯಿತು. ಈ ನಾಯಿಗೆ ಅಂಥ ಓಲೆಗರಿಯಿಲ್ಲ. ಸಾಕುವವರ ಅಂಗಳವೇ ಅದರ ಗ್ರಂಥಭಂಡಾರ.