ಮನೆ ಪಾಲಾದರೂ ಹೆಸರು ಪಾಲಾಗದು

ಕಲ್ಯಾಣ ದಾಟಿ, ಶಹಾಡ್, ಆಂಬಿವಲಿ ಕಳೆದರೆ ಟಿಟ್ವಾಳಾ. ಅಂಗಾರಕ ಚತುರ್ಥಿಯ ದಿನ ಲೋಕಲ್ ಗಾಡಿಯಿಂದ ಇಳಿಯುವವರೆಲ್ಲ ಮಹಾಗಣಪತಿಯ ಭಕ್ತರು. ಉಳಿದ ದಿನ ಸಂಜೆ ಇಳಿಯುವವರಲ್ಲಿ ಹೆಚ್ಚಿನವರು ದುಡಿದು ಮನೆಗೆ ಮರಳುವವರು. ಮುಂಬಯಿಯಲ್ಲಿ ಕೈಗೆಟುಕದ ಸ್ವಂತ ಮನೆಯ ಕನಸನ್ನು ಇಲ್ಲಿ ನನಸು ಮಾಡಿಕೊಂಡವರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ.

ಚಾಳಿನ ಖೋಲಿ, ಬಾಡಿಗೆ ಮನೆ ಎಂದು ಅರ್ಧ ಆಯುಷ್ಯ ಕಳೆದ ಮೇಲೆ ಬೀಗದ ಕೈ ಕೈಗೆ ಬರುತ್ತದೆ. ಗೃಹಪ್ರವೇಶದ ಪಟ್ಟಿ ಮಾಡುವಾಗ ಒಂದು ಪ್ರಶ್ನೆ ಏಳುತ್ತದೆ: ಬಾಗಿಲ ಮೇಲೆ ಏನು ಬರೆಸೋಣ? ಕಟ್ಟಡಕ್ಕೆ ಬಿಲ್ಡರ್ ಆಗಲೇ ಹೆಸರಿಟ್ಟಿರುತ್ತಾನೆ, ಫ್ಲ್ಯಾಟಿಗೆ ನಂಬರೂ ಬಂದಿರುತ್ತದೆ. ನಮ್ಮ ಪಾಲಿಗೆ ಉಳಿಯುವುದು ಬಾಗಿಲ ಬಳಿಯ ಒಂದು ಅಡಿ ಗೋಡೆ. ಅಜ್ಜಿ ಊರಿನ ಮನೆಯ ಹೆಸರೇ ಇರಲಿ ಎನ್ನುತ್ತಾರೆ. ಮಗನಿಗೆ ಹೊಸದಾಗಿ ಏನಾದರೂ ಬೇಕು. ಮಾರಿಹೋದ ಮನೆಯ ಹೆಸರು ಇನ್ನೇಕೆ ಎಂದು ಅವನು ಕೇಳಿದರೆ, ಅಜ್ಜಿ ಸುಮ್ಮನಾಗಿಬಿಡುತ್ತಾರೆ.

ಆ ಪ್ರಶ್ನೆಗೆ ಇತಿಹಾಸದಲ್ಲಿ ಉತ್ತರವಿದೆ. ಮನೆಗೆ ಹೆಸರಿಡುವುದು ನಮ್ಮಲ್ಲಿ ಶೋಕಿಗಾಗಿ ಹುಟ್ಟಿದ್ದಲ್ಲ. ತುಳುನಾಡಿನಲ್ಲಿ ಹೊಸಬರನ್ನು ಕಂಡರೆ ಮೊದಲು ಕೇಳುವುದೇ 'ಯಾವ ಮನೆಯವರು?' ಎಂದು. ಗುತ್ತು, ಬೀಡು, ಬರ್ಕೆ ಎಂಬ ಮಾತುಗಳು ಬರೀ ಕಟ್ಟಡವನ್ನು ಹೇಳುವುದಿಲ್ಲ. ಊರಿನ ದೈವದ ನೇಮದಲ್ಲಿ ಯಾವ ಮನೆಗೆ ಯಾವ ಹೊಣೆ, ಯಾವ ಮರ್ಯಾದೆ ಎಂಬುದೂ ಆ ಹೆಸರಿನೊಳಗೇ ಇರುತ್ತದೆ. ಅಳಿಯಸಂತಾನದ ಕುಟುಂಬಗಳಲ್ಲಿ ಮನೆಯ ಹೆಸರು ತಾಯಿಯ ಕಡೆಯಿಂದ ಬರುತ್ತಿತ್ತು. ಅಪ್ಪ ಒಂದು ಮನೆಯವನು, ಮಕ್ಕಳು ಇನ್ನೊಂದು ಮನೆಯವರು. ಕೊಡಗಿನಲ್ಲೂ ಒಕ್ಕದ ಹೆಸರೇ ಮನುಷ್ಯನ ಹೆಸರಿನ ಮುಂದೆ ನಿಲ್ಲುತ್ತದೆ. ಆ ಒಕ್ಕಕ್ಕೆಲ್ಲ ಮೂಲ ಐನ್‌ಮನೆ. ದುಡಿಯಲು ಎಲ್ಲಿಗೆ ಹೋದರೂ ಹಬ್ಬಕ್ಕೆ ಬಂದು ಸೇರುವುದು ಅಲ್ಲಿಗೇ.

ಈ ಮನೆಗಳು ಒಡೆದದ್ದು ಒಂದೇ ದಿನದಲ್ಲಲ್ಲ. ಅಳಿಯಸಂತಾನ ಕುಟುಂಬದ ಆಸ್ತಿಯನ್ನು ಪಾಲು ಮಾಡಿಸಿಕೊಳ್ಳುವ ಹಕ್ಕನ್ನು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕೊಟ್ಟಿತು. 1974ರಲ್ಲಿ ಕರ್ನಾಟಕದ ಭೂಸುಧಾರಣೆ ಕಾನೂನಿಗೆ ಬಲ ಬಂದು ಗೇಣಿಗೆ ಕೊಟ್ಟ ಗದ್ದೆಗಳು ಉಳುವವರ ಕೈ ಸೇರಿದವು. ಒಂದು ಕಡೆ ದೊಡ್ಡ ಮನೆಗಳ ಅಂಗಳ ಬರಿದಾಯಿತು. ಇನ್ನೊಂದು ಕಡೆ ತಲೆಮಾರುಗಳಿಂದ ಒಕ್ಕಲಾಗಿದ್ದವರಿಗೆ ಮೊದಲ ಸಲ ತಮ್ಮದೇ ನೆಲ ಸಿಕ್ಕಿತು. ಗದ್ದೆ, ತೋಟ, ಪಾತ್ರೆ ಪಗಡಿ ಎಲ್ಲವೂ ಪಾಲಾದವು. ಪಾಲಾಗದೆ ಉಳಿದದ್ದು ಹೆಸರು ಮಾತ್ರ. ಹತ್ತು ಜನ ಹಂಚಿಕೊಂಡರೆ ಹತ್ತು ಜನಕ್ಕೂ ಇಡಿಯಾಗಿ ಸಿಗುವ ಆಸ್ತಿ ಅದೊಂದೇ.

ಹಳೆಯ ಹೆಸರನ್ನು ಹೊಸ ಗೋಡೆಗೆ ತರಬಹುದೇ? ಧಾರಾಳವಾಗಿ ತರಬಹುದು. ಅಲಹಾಬಾದಿನಲ್ಲಿ ಮೋತಿಲಾಲ್ ನೆಹರೂ ತಮ್ಮ ಮನೆಯನ್ನು 'ಆನಂದ ಭವನ' ಎಂದು ಕರೆದಿದ್ದರು. 1930ರಲ್ಲಿ ಅದನ್ನು ರಾಷ್ಟ್ರಕ್ಕೆ ಒಪ್ಪಿಸಿದಾಗ ಅದು 'ಸ್ವರಾಜ ಭವನ' ಆಯಿತು. ಪಕ್ಕದಲ್ಲೇ ಕಟ್ಟಿಸಿದ ಹೊಸ ಮನೆ ಹಳೆಯ ಹೆಸರನ್ನು ಹೊತ್ತುಕೊಂಡಿತು. ಮನೆ ಕೊಟ್ಟರು, ಹೆಸರನ್ನು ಜೊತೆಗೆ ಕರೆದುಕೊಂಡು ಹೋದರು.

ಆದರೆ ಹಿಂದಿನಿಂದ ಬಂದ ಹೆಸರು ಎಲ್ಲರಿಗೂ ಹೆಮ್ಮೆಯದಲ್ಲ, ಕೆಲವರಿಗೆ ಅದು ಹೊರೆ. ಪರೇಲಿನ ಬಿಐಟಿ ಚಾಳಿನಲ್ಲಿ ಬಹಳ ವರ್ಷ ಇದ್ದ ಡಾ. ಅಂಬೇಡ್ಕರ್ 1930ರ ದಶಕದಲ್ಲಿ ದಾದರಿನ ಹಿಂದೂ ಕಾಲನಿಯಲ್ಲಿ ಮನೆ ಕಟ್ಟಿಸಿದರು. ತಮ್ಮ ಪುಸ್ತಕಗಳಿಗೆ ಜಾಗವಾಗಬೇಕೆಂಬುದು ಆ ಮನೆಯ ಮುಖ್ಯ ಉದ್ದೇಶವಾಗಿತ್ತು. ಅದಕ್ಕೆ ಅವರು ಇಟ್ಟ ಹೆಸರು 'ರಾಜಗೃಹ'. ಬುದ್ಧ ಓಡಾಡಿದ, ಮಗಧದ ಹಳೆಯ ರಾಜಧಾನಿಯ ಹೆಸರು ಅದು. ಅವರು ಬೌದ್ಧ ಧರ್ಮ ಸ್ವೀಕರಿಸಿದ್ದು 1956ರಲ್ಲಿ. ಮನೆಯ ಹೆಸರು ಅದಕ್ಕಿಂತ ಎಷ್ಟೋ ವರ್ಷ ಮೊದಲೇ ದಾರಿ ತೋರಿಸಿತ್ತು. ಹುಟ್ಟಿನಿಂದ ಬಂದ ವಂಶಾವಳಿಯ ಬದಲು ತಾವೇ ಆರಿಸಿಕೊಂಡ ಪರಂಪರೆಯನ್ನು ಅವರು ಬಾಗಿಲ ಮೇಲೆ ಬರೆಸಿದರು.

ಈ ಎರಡು ದಾರಿಗಳ ನಡುವೆ ಮೂರನೆಯದೊಂದಿದೆ. ಕುಪ್ಪಳಿಯ ಮನೆಯಿಂದ ಮೈಸೂರಿಗೆ ಬಂದ ಪುಟ್ಟಪ್ಪನವರು ತಮ್ಮ ಮನೆಯನ್ನು 'ಕುಪ್ಪಳಿ' ಎನ್ನಲಿಲ್ಲ, 'ಉದಯರವಿ' ಎಂದರು. ಹಾಗೆಂದು ಊರನ್ನು ಬಿಟ್ಟರೇ? 'ಕುವೆಂಪು' ಎಂಬುದರ ಮೊದಲ ಅಕ್ಷರವೇ ಕುಪ್ಪಳಿ! ಮಗ ತೇಜಸ್ವಿ ಮೂಡಿಗೆರೆಯ ಮನೆಗೆ ಇಟ್ಟದ್ದು 'ನಿರುತ್ತರ' ಎಂಬ ಹೆಸರು. ಅಪ್ಪನ ಹೆಸರಿನಂತಿಲ್ಲ, ಅಜ್ಜನ ಊರಿನದೂ ಅಲ್ಲ. ಆದರೂ ಅವರ ಪೂರ್ತಿ ಹೆಸರಿನ ಮೊದಲಲ್ಲಿ ಕುಪ್ಪಳಿ ಇತ್ತು. ಬೇರು ಮನುಷ್ಯರ ಹೆಸರಿನಲ್ಲಿ ಉಳಿಯಿತು, ಗೋಡೆಯ ಮೇಲೆ ಹೊಸ ಚಿಗುರು ಬಂತು.

ಮತ್ತೆ ಟಿಟ್ವಾಳಾಕ್ಕೆ ಬರೋಣ. ಇಲ್ಲಿ ಕಣ್ವರ ಆಶ್ರಮವಿತ್ತು, ದುಷ್ಯಂತ ಮರೆತಾಗ ಶಕುಂತಲೆ ಇಲ್ಲಿಯ ಗಣಪತಿಯನ್ನು ಪೂಜಿಸಿದಳು ಎಂಬುದು ಸ್ಥಳಪುರಾಣ. ಪೇಶ್ವೆ ಮಾಧವರಾಯರ ಕಾಲದಲ್ಲಿ ಕೆರೆಯ ಹೂಳೆತ್ತುವಾಗ ಮುಚ್ಚಿಹೋಗಿದ್ದ ಮೂರ್ತಿ ಮತ್ತೆ ಸಿಕ್ಕಿತು ಎಂದೂ ಹೇಳುತ್ತಾರೆ. ಕಾಳಿದಾಸ ತನ್ನ ನಾಟಕಕ್ಕಿಟ್ಟ 'ಅಭಿಜ್ಞಾನ' ಎಂಬ ಮಾತಿಗೆ ಗುರುತು ಎಂದರ್ಥ. ಮರೆತವನಿಗೆ ನೆನಪು ತಂದುಕೊಟ್ಟದ್ದು ಒಂದು ಉಂಗುರ. ಮನೆಯ ಹೆಸರು ಮಾಡುವ ಕೆಲಸವೂ ಅದೇ.

ಆದ್ದರಿಂದ ಅಜ್ಜಿಯ ಹೆಸರೋ ಮಗನ ಹೆಸರೋ ಎಂದು ಜಗಳ ಬೇಡ. ಯಾವ ಹೆಸರಿಟ್ಟರೂ ಅದರ ಹಿಂದಿನ ಮಾತನ್ನು ಮಕ್ಕಳಿಗೆ ಹೇಳಲು ಬರಬೇಕು. ಅರ್ಥವನ್ನು ನಿಘಂಟಿನಲ್ಲಿ ಹುಡುಕುವಂತಾಗಬಾರದು. ನೆರೆಯ ಮರಾಠಿ ಮನೆಯವರ ನಾಲಿಗೆಗೂ ಸಲೀಸಾಗಿರಲಿ. ಕನ್ನಡದಲ್ಲಿ ಬರೆಸಿ, ಕೆಳಗೆ ದೇವನಾಗರಿಯಲ್ಲೂ ಬರೆಸಿ, ಪೋಸ್ಟ್‌ಮನ್‌ಗೂ ಅನುಕೂಲ. ಹೊಸ ಹೆಸರು ಇಡುವುದಾದರೆ ಹಳೆಯ ಮನೆಯ ಹೆಸರನ್ನು ಗೃಹಪ್ರವೇಶದ ಕರೆಯೋಲೆಯಲ್ಲಾದರೂ ಒಂದು ಸಾಲು ಅಚ್ಚು ಹಾಕಿಸಿ.

ಊರಿನ ಮನೆ ಮಾರಿಹೋಗಿರಬಹುದು. ಅದರ ಹೆಸರನ್ನು ಮಾತ್ರ ಯಾವ ಕ್ರಯಪತ್ರದಲ್ಲೂ ನಾವು ಬರೆದುಕೊಟ್ಟಿಲ್ಲ. ಅಜ್ಜಿ ಇರುವಾಗಲೇ ಆ ಹೆಸರಿನ ಕಥೆಯನ್ನು ಕೇಳಿ ಬರೆದಿಟ್ಟುಕೊಳ್ಳಿ.