ಕುಡಿತ ಬಿಟ್ಟವರ ಕೂಟ

ಹುಮನಾಬಾದಿನ ಪಡುವಣಕ್ಕೆ ಬಸವಕಲ್ಯಾಣ, ಮೂಡಣಕ್ಕೆ ಚಿಟಗುಪ್ಪ. ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಈ ನೆಲವೆಲ್ಲ ಹೈದರಾಬಾದಿಗೆ ಒಳಪಟ್ಟಿದ್ದಿತು. ನಿಜಾಮರ ಬೊಕ್ಕಸಕ್ಕೆ ಭೂಕಂದಾಯದ ಜೊತೆಗೆ ಅಬಕಾರಿಯೂ ದೊಡ್ಡ ಆಸರೆ. ಸೇಂದಿ, ಸಾರಾಯಿಗಳ ಮಾರಾಟವನ್ನು ಗುತ್ತಿಗೆಗೆ ಕೊಡುತ್ತಿದ್ದರು. ಗುತ್ತಿಗೆ ಹಿಡಿದವರಿಗೆ ಸಂದ ‘ಗುತ್ತೇದಾರ’ ಎಂಬ ಮಾತು ಈ ಕಡೆ ಎಷ್ಟೋ ಮನೆತನಗಳ ಹೆಸರಾಗಿ ಉಳಿದಿದೆ. ಕುಡಿಸುವುದಕ್ಕೆ ಇಷ್ಟು ಅಚ್ಚುಕಟ್ಟಾದ ಏರ್ಪಾಡು. ಕುಡಿತವನ್ನು ಬಿಡಬೇಕೆಂದವನು ಮಾತ್ರ ಯಾರ ಬಾಗಿಲಿಗೆ ಹೋಗಬೇಕು?

ಈ ಪ್ರಶ್ನೆಗೆ ನಮ್ಮ ಸೀಮೆಯ ಹಳೆಯ ಉತ್ತರ ಹೆಂಡದ ಮಾರಯ್ಯನದು. ಹನ್ನೆರಡನೆಯ ಶತಮಾನದ ಈ ಶರಣನು ಹೆಂಡ ಮಾರಿ ಜೀವಿಸುತ್ತಿದ್ದನೆಂದೂ, ಬಂದ ಗಿರಾಕಿಗಳಿಗೇ ತಿಳಿವಳಿಕೆ ಹೇಳಿ ಕುಡಿತ ಬಿಡಿಸುತ್ತಿದ್ದನೆಂದೂ ಪರಂಪರೆ ಹೇಳುತ್ತದೆ. ‘ಧರ್ಮೇಶ್ವರಲಿಂಗ’ ಎಂಬ ಅಂಕಿತದ ಅವನ ೧೨ ವಚನಗಳು ದೊರೆತಿವೆ. ಅವುಗಳಲ್ಲಿ ಹೆಂಡದ ಪರಿಭಾಷೆ ಅನುಭಾವದ ಸಂಕೇತವಾಗಿ ಬರುವುದರಿಂದ, ಅಲ್ಲಿಂದ ಜೀವನಚರಿತ್ರೆಯನ್ನು ಹೆಕ್ಕಹೊರಡುವುದು ಸಾಹಸವೇ ಸರಿ. ಆದರೂ ಕಥೆಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಮಾರಯ್ಯನು ಗುಡಿಯ ಕಟ್ಟೆಯ ಮೇಲೆ ನಿಂತು ಕುಡುಕರನ್ನು ಬೈದವನಲ್ಲ. ಅವರು ಎಲ್ಲಿ ಕೂಡುತ್ತಿದ್ದರೋ ಅಲ್ಲಿಯೇ ಕುಳಿತು ಮಾತಾಡಿದವನು.

ಎಂಟು ಶತಮಾನಗಳ ಮೇಲೆ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಈ ಕೆಲಸವನ್ನು ಬೇರೊಂದು ಬಗೆಯಲ್ಲಿ ಕೈಗೊಂಡರು. ೧೯೭೫ರಿಂದ ಅವರು ಜೋಳಿಗೆ ಹಿಡಿದು ಊರೂರು ತಿರುಗಿದರು. ಬೇಡಿದ್ದು ಕಾಸನ್ನಲ್ಲ, ಕಾಳನ್ನಲ್ಲ, ಜನರ ದುಶ್ಚಟಗಳನ್ನು. ೨೦೧೮ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ ೧ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಸ್ವಾಮಿಗಳ ಎದುರು ಕೊಟ್ಟ ಮಾತಿಗೆ ನಮ್ಮ ಹಳ್ಳಿಗಳಲ್ಲಿರುವ ತೂಕವನ್ನು ಬಲ್ಲವರು ಈ ಜೋಳಿಗೆಯನ್ನು ಹಗುರವಾಗಿ ಕಾಣಲಾರರು. ಆದರೆ ಮರುದಿನ ಸಂಜೆ, ಕಾಲು ತಾನಾಗಿಯೇ ಅಂಗಡಿಯ ಕಡೆಗೆ ತಿರುಗುವ ಹೊತ್ತಿಗೆ, ಸ್ವಾಮಿಗಳು ಮುಂದಿನ ಊರಿನಲ್ಲಿರುತ್ತಾರೆ. ಆಗ ಪಕ್ಕದಲ್ಲಿರಬೇಕಾದವನು ಯಾರು?

ಅಮೆರಿಕದ ಅಕ್ರನ್ ಎಂಬ ಊರಿನಲ್ಲಿ ೧೯೩೫ರ ಮೇ ತಿಂಗಳಲ್ಲಿ ಒಬ್ಬನಿಗೆ ಇದೇ ಗಳಿಗೆ ಒದಗಿತು. ನ್ಯೂಯಾರ್ಕಿನಲ್ಲಿ ಷೇರು ವ್ಯವಹಾರ ಮಾಡುತ್ತಿದ್ದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಐದು ತಿಂಗಳಾಗಿದ್ದಿತು. ಯಾವುದೋ ವ್ಯವಹಾರಕ್ಕೆಂದು ಬಂದು, ಅದು ಕೈಗೂಡದೆ, ಹೋಟೆಲಿನ ಪಡಸಾಲೆಯಲ್ಲಿ ಒಬ್ಬನೇ ನಿಂತಿದ್ದ. ಒಂದು ಕಡೆ ಪಾನಗೃಹ. ಇನ್ನೊಂದು ಕಡೆ ಟೆಲಿಫೋನು, ಊರಿನ ಚರ್ಚುಗಳ ಪಟ್ಟಿ. ಅವನು ಟೆಲಿಫೋನಿನ ಕಡೆಗೆ ಹೋದ. ಅವನು ಕೇಳಿದ್ದು ಉಪದೇಶವನ್ನಲ್ಲ, ಔಷಧವನ್ನೂ ಅಲ್ಲ. ತನ್ನಂತೆಯೇ ಕುಡಿತದಿಂದ ನರಳುತ್ತಿರುವ ಇನ್ನೊಬ್ಬನನ್ನು. ವಿಧಿಯ ವಿನೋದವೆಂಬಂತೆ ಸಿಕ್ಕವನು ವೈದ್ಯನೇ ಆಗಿದ್ದ: ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್. ಕಾಲು ಗಂಟೆ ಮಾತ್ರ ಕೂಡುವೆನೆಂದು ಬಂದವನು ಆರು ಗಂಟೆಗೂ ಮೀರಿ ಕುಳಿತ. ಕುಡಿಯಬೇಡವೆಂದು ಹೇಳಿದವರು ಅವನಿಗೆ ಮೊದಲೇ ಹಲವರಿದ್ದರು. ನಾನೂ ಹೀಗೆಯೇ ಕುಡಿಯುತ್ತಿದ್ದೆ ಎಂದು ತನ್ನ ಕಥೆ ಹೇಳಿದವನು ಇವನು. ಆ ವರ್ಷದ ಜೂನ್ ೧೦ ಡಾ. ಬಾಬ್ ಕಡೆಯ ಸಲ ಕುಡಿದ ದಿನವೆಂದು ಲೆಕ್ಕ. ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಂಘ ಅದನ್ನೇ ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. ೧೯೫೭ರಲ್ಲಿ ಅದು ದೆಹಲಿಗೂ ಬಂತು.

ಈ ಸಂಘಕ್ಕೆ ಸದಸ್ಯತ್ವದ ಶುಲ್ಕವಿಲ್ಲ. ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಹೆಸರು ಹೊರಗೆ ಹೋಗಕೂಡದೆಂಬುದು ಕಟ್ಟಳೆ. ಚಿಟಗುಪ್ಪದಂಥ ಊರಿನಲ್ಲಿ ಹೆಸರು ಮರೆಸುವುದುಂಟೆ ಎಂದು ನಗಬಹುದು. ಆದರೆ ನೋಡಿ, ಕುಡಿದು ಬಿದ್ದದ್ದು ಊರಿಗೆಲ್ಲ ಗೊತ್ತಿರುತ್ತದೆ. ನಾಚಿಕೆಯೆಲ್ಲ ಬಿಡಲು ಹೋಗುವುದಕ್ಕೆ!

ನಮ್ಮ ಹಳ್ಳಿಗಳಿಗೆ ಈ ವಿಚಾರ ಒಗ್ಗಿದ್ದು ಬೇರೆ ರೂಪದಲ್ಲಿ. ೧೯೮೨ರಲ್ಲಿ ಆರಂಭವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮುಂದೆ ಊರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸತೊಡಗಿತು. ಶಿಬಿರ ಎಂಟು ದಿನದ್ದು. ಆದರೆ ಅದರ ಜೀವಾಳ, ನನ್ನ ಎಣಿಕೆಯಲ್ಲಿ, ಆ ಬಳಿಕ ಕುಡಿತ ಬಿಟ್ಟವರೇ ಸೇರಿ ನಡೆಸಿಕೊಂಡು ಹೋಗುವ ‘ನವಜೀವನ ಸಮಿತಿ’ಯಲ್ಲಿದೆ. ಬರಿಯ ಕಾನೂನಿನಿಂದ ಇದು ಆಗುವುದಲ್ಲ. ೨೦೦೭ರ ಜುಲೈ ೧ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ.

ಕೂಟವನ್ನು ಹುಡುಕುವವರು ಒಂದು ಮಾತನ್ನು ಮರೆಯಬಾರದು. ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ನಡುಕ, ಸೆಳವು, ಸನ್ನಿ ತಲೆದೋರಬಹುದು, ಪ್ರಾಣಾಪಾಯವೂ ಉಂಟು. ಮೊದಲ ದಿನಗಳು ವೈದ್ಯರ ಕಣ್ಣೆದುರಿನಲ್ಲಿ ಕಳೆಯಬೇಕು. ಚಿಟಗುಪ್ಪದವರಿಗೆ ಜಿಲ್ಲೆಯ ದೊಡ್ಡ ಆಸ್ಪತ್ರೆ ಬೀದರಿನಲ್ಲಿದೆ. ಹತ್ತಿರದ ನೆರವನ್ನು ಕೇಳಿ ತಿಳಿಯಲು ಕೇಂದ್ರ ಸರ್ಕಾರದ ಉಚಿತ ದೂರವಾಣಿ ೧೪೪೪೬ ಇದೆ. ಕೂಟದ ಕೆಲಸ ಆಮೇಲಿನದು, ಸಂಜೆಗಳದು. ಅಕ್ರನ್ನಿನಲ್ಲಿ ಅದಕ್ಕೆ ಇಬ್ಬರೇ ಸಾಕಾದರು.

ಇನ್ನು ಮನೆಯವರು. ಗಂಡಂದಿರು ಒಳಗೆ ಸಭೆ ಸೇರಿದಾಗ ಹೊರಗೆ ಕಾದಿರುತ್ತಿದ್ದ ಹೆಂಡಂದಿರು ತಮ್ಮ ತಮ್ಮಲ್ಲೇ ಮಾತಿಗೆ ತೊಡಗಿದರು. ಅವರದೂ ಒಂದು ಕೂಟವಾಯಿತು. ವಿಲ್ಸನ್ನನ ಹೆಂಡತಿ ಲೋಯಿಸ್ ೧೯೫೧ರಲ್ಲಿ ಅಂಥ ಕೂಟಗಳನ್ನು ಒಂದುಗೂಡಿಸಿ ‘ಆಲ್-ಅನಾನ್’ ಎಂಬ ಸಂಸ್ಥೆಯನ್ನು ಕಟ್ಟಿದಳು. ಕುಡಿಯುವವನು ಬಿಟ್ಟಿರಲಿ, ಬಿಡದಿರಲಿ, ಅವನ ಮನೆಯವರು ಅಲ್ಲಿಗೆ ಬರಬಹುದು. ೧೪೪೪೬ಕ್ಕೂ ಹಾಗೆಯೇ, ಹೆಂಡತಿಯೋ ತಾಯಿಯೋ ಕರೆಮಾಡಬಹುದು.